ಸುಲಭ ದಾರಿತೋರುಕ ಯಂತ್ರದ ಆಯ್ಕೆ: ಹೂಲಿ ಪರಂಪರೆಯ ಬೆಳಕಿನಲ್ಲಿ ಒಂದು ಗಹನ ಅಧ್ಯಯನ

ಕಾರಿನ ಮುಂಗಾಜಿಗೆ ಕಚ್ಚಿಕೊಂಡು ಕೂರುವ ಜಿಪಿಎಸ್ ಡಬ್ಬಿಗಳಲ್ಲಿ ಬಳಸಲು ಸುಲಭವಾದದ್ದು ಯಾವುದು ಎಂಬ ಪ್ರಶ್ನೆಯನ್ನು ವಿದ್ವಾಂಸರು ಇದುವರೆಗೆ ಅಂಗಡಿಯಲ್ಲೇ ನಿಂತು ಬಗೆಹರಿಸಿಕೊಂಡಿದ್ದಾರೆ. ಅಂಗಡಿಯಲ್ಲಿ ಎಲ್ಲ ಡಬ್ಬಿಯೂ ಸುಲಭವೇ. ಅಲ್ಲಿಂದ ಯಾರೂ ಎಲ್ಲಿಗೂ ಹೋಗಬೇಕಾಗಿರುವುದಿಲ್ಲ. ಈ ಶಾಸ್ತ್ರದೋಷವನ್ನು ನಿವಾರಿಸಲು ಪ್ರಸ್ತುತ ಪ್ರಬಂಧವು ಬೆಳಗಾವಿ ಜಿಲ್ಲೆಯ ಸವದತ್ತಿ ತಾಲೂಕಿನ ಹೂಲಿಯನ್ನು ಪ್ರಯೋಗಶಾಲೆಯಾಗಿ ಆರಿಸಿಕೊಂಡಿದೆ. ಸವದತ್ತಿಯಿಂದ ಹೂಲಿಗೆ ಸುಮಾರು 9 ಕಿ.ಮೀ. ಹಳಬರ ಲೆಕ್ಕದಲ್ಲಿ ಎರಡು ಹರದಾರಿಗೆ ತುಸು ಕಡಿಮೆ. ಹೂಲಿಗೆ ಮುಟ್ಟಿಸುವ ಡಬ್ಬಿ ಲಂಡನ್ನಿಗೂ ಮುಟ್ಟಿಸೀತು. ಲಂಡನ್ನಿಗೆ ಮುಟ್ಟಿಸುವ ಡಬ್ಬಿ ಹೂಲಿಗೆ ಮುಟ್ಟಿಸುತ್ತದೆಂಬ ಖಾತ್ರಿಯಿಲ್ಲ. ಇದು ನಮ್ಮ ಮೊದಲ ಪ್ರಮೇಯ.

ಮೊದಲು ಪರೀಕ್ಷಿಸಬೇಕಾದ ಗುಣವನ್ನು ನಾವು ನಾಮಸಹಿಷ್ಣುತೆ ಎಂದು ಕರೆದಿದ್ದೇವೆ. ಬಸ್ಸಿನ ಬೋರ್ಡಿನಲ್ಲಿ ಸವದತ್ತಿ, ಇಂಗ್ಲಿಷರ ಕಾಗದಪತ್ರದಲ್ಲಿ ಸೌಂದತ್ತಿ, ರಟ್ಟರ ಕಾಲದಲ್ಲಿ ಸುಗಂಧವರ್ತಿ, ತಾಲೂಕಿನ ಹಳೆಯ ದಫ್ತರದಲ್ಲಿ ಪರಸಗಡ: ಊರು ಒಂದೇ, ಕರೆಯುವ ಬಾಯಿ ಬೇರೆ ಬೇರೆ. ಇವುಗಳಲ್ಲಿ ಯಾವುದನ್ನು ಒತ್ತಿದರೂ ಅದೇ ಊರಿಗೆ ಒಯ್ಯುವ ಡಬ್ಬಿ ಉತ್ತಮ. ಎರಡಕ್ಕೆ ಒಪ್ಪುವುದು ಮಧ್ಯಮ. ‘ಇಂಥ ಸ್ಥಳವಿಲ್ಲ’ ಎನ್ನುವುದು ಅಧಮ. ಹೂಲಿಯದ್ದು ಇನ್ನೂ ಸಂಕಟದ ಕತೆ. ರೋಮನ್ ಅಕ್ಷರದಲ್ಲಿ ಒತ್ತುವಾಗ ದೀರ್ಘ ಕೈಬಿಟ್ಟರೆ ಊರು ಹೋಗಿ ಹುಲಿ ಬರುತ್ತದೆ. ದೀರ್ಘವನ್ನು ಸರಿಯಾಗಿ ಹಾಕಿದಿರೋ, ಅಮೆರಿಕದ ಎಚ್‌ಬಿಒ ವಾಹಿನಿ 2014ರಿಂದ 2019ರವರೆಗೆ ತೋರಿಸಿದ ‘ಸಿಲಿಕಾನ್ ವ್ಯಾಲಿ’ ಧಾರಾವಾಹಿಯ ಹೂಲಿ ಎಂಬ ದೈತ್ಯ ಕಂಪನಿ ಅಂತರ್ಜಾಲದಲ್ಲಿ ಮೊದಲು ಎದ್ದು ನಿಲ್ಲುತ್ತದೆ. ಅದು ಜಗತ್ತಿನ ಮಾಹಿತಿಯನ್ನೆಲ್ಲ ಆಳುವ ಕಂಪನಿ, ಆದರೆ ಇಲ್ಲದ ಕಂಪನಿ. ಒಂಬೈನೂರು ವರ್ಷಗಳಿಗೂ ಮೀರಿದ ಕಲ್ಲಿನ ದಾಖಲೆಯುಳ್ಳ ಊರು ಅದರ ಹಿಂದೆ ಸರದಿಯಲ್ಲಿ ನಿಂತಿದೆ.

ಕಲ್ಲಿನ ಮಾತು ಬಂದದ್ದರಿಂದ ಇತಿಹಾಸಕ್ಕೆ ಬರೋಣ. ಹೂಲಿಯ ಶಾಸನಗಳನ್ನು ಲಯನೆಲ್ ಬಾರ್ನೆಟ್ ಎಪಿಗ್ರಾಫಿಯಾ ಇಂಡಿಕಾದ 18ನೆಯ ಸಂಪುಟದಲ್ಲಿ ಪ್ರಕಟಿಸಿದರು. ಆಗ ಊರಿನ ಹೆಸರು ಪೂಲಿ. ಅಲ್ಲಿದ್ದವರು ಸಾಸಿರ್ವರು ಮಹಾಜನರು. ದಾನಶಾಸನಗಳ ಕ್ರಮ ಬಲ್ಲವರಿಗೆ ಗೊತ್ತು: ಇಷ್ಟು ಮತ್ತರು ಭೂಮಿ, ಮೂಡಲಿಗೆ ಕೆರೆ, ತೆಂಕಲಿಗೆ ಹೆದ್ದಾರಿ, ಪಡುವಲಿಗೆ ನಟ್ಟ ಕಲ್ಲು, ಬಡಗಲಿಗೆ ಹಳ್ಳ ಎಂದು ನಾಲ್ಕೂ ದಿಕ್ಕನ್ನು ಕಟ್ಟಿಕೊಟ್ಟೇ ಮುಂದೆ ಹೋಗುವುದು. ಇದನ್ನು ನಾವು ಶಿಲಾಯಂತ್ರವೆಂದು ವರ್ಗೀಕರಿಸಿದ್ದೇವೆ. ಬ್ಯಾಟರಿ ಬೇಡ, ಚಾರ್ಜರಿನ ದಾರ ಬೇಡ, ಸಿಗ್ನಲ್ ಇಲ್ಲವೆಂಬ ಗೋಳಿಲ್ಲ, ಮಳೆಗೆ ನೆನೆದರೂ ವಾರಂಟಿ ಮುರಿಯುವುದಿಲ್ಲ. ಕೊನೆಯಲ್ಲಿ ಬರುವ ಶಾಪಾಶಯವೇ ಇಂದಿನ ಬಳಕೆದಾರರ ಒಪ್ಪಂದದ ಮೂಲವೆಂದು ನಾವು ಸಾಧಿಸಬಲ್ಲೆವು. ಅಂದು ದತ್ತಿಯನ್ನು ಅಪಹರಿಸಿದವನು ಅರವತ್ತು ಸಾವಿರ ವರ್ಷ ಮಲದ ಹುಳುವಾಗುತ್ತಿದ್ದ. ಇಂದು ದತ್ತಾಂಶವನ್ನು ಅಪಹರಿಸುವುದೇ ಕಂಪನಿಯಾದ್ದರಿಂದ ಆ ಶಾಪವನ್ನು ತೆಗೆದು ‘ಒಪ್ಪಿದ್ದೇನೆ’ ಎಂಬ ಗುಂಡಿಯನ್ನು ಇಟ್ಟಿದ್ದಾರೆ. ಎರಡನ್ನೂ ಯಾರೂ ಓದಿದವರಿಲ್ಲ. ಶಿಲಾಯಂತ್ರಕ್ಕೆ ದೋಷ ಒಂದೇ, ಕಾರಿನ ಗಾಜಿಗೆ ಅಂಟುವುದಿಲ್ಲ.

ಇನ್ನು ಆಕಾಶಯಂತ್ರ. ಭೂಮಿಯಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹಗಳು ತಮ್ಮ ಹೊತ್ತನ್ನು ಸಾರುತ್ತಲೇ ಇರುತ್ತವೆ. ಆ ಸಂದೇಶ ಹೊರಟದ್ದು ಯಾವಾಗ, ತನಗೆ ಮುಟ್ಟಿದ್ದು ಯಾವಾಗ ಎಂಬುದನ್ನು ಕಳೆದು, ಬೆಳಕಿನ ವೇಗದಿಂದ ಗುಣಿಸಿ, ಡಬ್ಬಿ ದೂರ ತಿಳಿಯುತ್ತದೆ. ಮೂರು ದೂರಗಳು ಸೇರಿದಲ್ಲಿ ನೀವಿದ್ದೀರಿ. ಆದರೆ ಉಪಗ್ರಹದಲ್ಲಿರುವುದು ಪರಮಾಣು ಗಡಿಯಾರ, ಡಬ್ಬಿಯೊಳಗಿರುವುದು ಅಗ್ಗದ್ದು. ಅದು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ತಪ್ಪಿದರೆ ದೂರದ ಲೆಕ್ಕದಲ್ಲಿ 300 ಮೀಟರ್ ವ್ಯತ್ಯಾಸ. ಆದ್ದರಿಂದ ನಾಲ್ಕನೆಯ ಉಪಗ್ರಹ ಬೇಕು. ಅದರ ಕೆಲಸ ಡಬ್ಬಿಯ ಹೊತ್ತನ್ನು ತಿದ್ದುವುದು.

ಈ ಸಿದ್ಧಾಂತವನ್ನು ನಮ್ಮ ಕಡೆಯ ಅಗಸಿಕಟ್ಟೆಗಳು ಉಪಗ್ರಹಕ್ಕಿಂತ ಮೊದಲೇ ಕಂಡುಕೊಂಡಿದ್ದವೆಂಬುದು ಪ್ರಸ್ತುತ ಪ್ರಬಂಧದ ಮುಖ್ಯ ಶೋಧ. ಸಂಜೆ ಮುಂದೆ ಕಾರು ನಿಲ್ಲಿಸಿ ‘ಹೂಲಿ ಪಂಚಲಿಂಗೇಶ್ವರ ಗುಡಿಗೆ ಯಾ ಕಡೆರೀ?’ ಎಂದು ಕೇಳಿ ನೋಡಿ. ಮೊದಲನೆಯವರು, ‘ಹಿಂಗ ಸೀದಾ ಹೋಗ್ರಿ, ನೀರಿನ ಟಾಕಿ ಬರತೈತಿ, ಅಲ್ಲೆ ಎಡಕ್ಕ ಹೊಳ್ರಿ’ ಎನ್ನುತ್ತಾರೆ. ಎರಡನೆಯವರು, ‘ಎಡಕ್ಕ್ಯಾಕ? ಅಲ್ಲೆ ಗಟಾರ ಅಗದಾರ, ಬಲಕ್ಕ ಹೋಗಲಿ’ ಎನ್ನುತ್ತಾರೆ. ಮೂರನೆಯವರು, ‘ಇವರಿಬ್ಬರ ಮಾತ ಕೇಳಬ್ಯಾಡ್ರಿ, ಸಾಲಿ ಮಗ್ಗಲಾಗ ಹಾಯ್ರಿ’ ಎನ್ನುತ್ತಾರೆ. ಇಲ್ಲಿಗೆ ಮೂರು ರೇಖೆಗಳಾದವು. ಅದುವರೆಗೆ ಸುಮ್ಮನೆ ಸುಣ್ಣ ತೀಡುತ್ತಿದ್ದ ನಾಲ್ಕನೆಯವರು ಎಲೆಯನ್ನು ದವಡೆಗೆ ಸೇರಿಸಿ, ಪಡುವಣದ ಕಡೆ ಒಮ್ಮೆ ನೋಡಿ, ‘ಹೊತ್ತು ಮುಳಗಾಕ ಬಂತು. ಈಗ ಹೋದ್ರ ಏನ್ ಕಾಣತೈತಿ? ಮುಂಜಾನೆ ಬರ್ರಿ’ ಎನ್ನುತ್ತಾರೆ. ಗಡಿಯಾರದ ತಿದ್ದುಪಡಿ ಮುಗಿಯಿತು. ಒಬ್ಬರನ್ನೇ ಕೇಳಿ ಹೊರಟವರು ದಾರಿ ತಪ್ಪುವುದೂ, ಒಂದೇ ಉಪಗ್ರಹ ಹಿಡಿದ ಡಬ್ಬಿ ಕಣ್ಣು ಕಣ್ಣು ಬಿಡುವುದೂ ಒಂದೇ ಕಾರಣಕ್ಕೆ.

ಪೂರ್ವಪಕ್ಷದವರು ಇಲ್ಲಿ ಒಂದು ಆಕ್ಷೇಪ ಎತ್ತಬಹುದು: ಕಟ್ಟೆಯವರಿಗೆ ನಿಖರತೆ ಇಲ್ಲವಲ್ಲ? ಡಬ್ಬಿಗಾದರೂ ಎಷ್ಟು ಕಾಲದಿಂದ ಇದೆ? 2000ದ ಮೇ ತಿಂಗಳ ಆರಂಭದವರೆಗೆ ಅಮೆರಿಕವೇ ಜನಸಾಮಾನ್ಯರ ಸಿಗ್ನಲ್ಲಿಗೆ ಬೇಕೆಂದೇ ತಪ್ಪು ಬೆರೆಸುತ್ತಿತ್ತು. ನೂರು ಮೀಟರಿನಷ್ಟು ಆಚೀಚೆ ಆಗುವುದು ಅಂದು ಸರಕಾರಿ ನೀತಿಯೇ ಆಗಿತ್ತು. ನಮ್ಮ ಕಟ್ಟೆಯವರು ತಪ್ಪು ಹೇಳಿದರೂ ಬೇಕೆಂದು ಹೇಳಿದವರಲ್ಲ. ‘ಗೊತ್ತಿಲ್ರಿ’ ಎನ್ನುವುದು ಮರ್ಯಾದೆಯಲ್ಲವೆಂದು ಹೇಳಿದವರು. ನಮ್ಮದೇ ಉಪಗ್ರಹ ವ್ಯವಸ್ಥೆಗೆ 2016ರ ಏಪ್ರಿಲ್‌ನಲ್ಲಿ ‘ನಾವಿಕ್’ ಎಂದು ಹೆಸರಿಟ್ಟರು. ನವಿಲುತೀರ್ಥದ ಅಣೆಕಟ್ಟು ಕಟ್ಟುವ ಮೊದಲಿನ ನಕಾಶೆ ತುಂಬಿಕೊಂಡ ಡಬ್ಬಿಯೇನಾದರೂ ಸಿಕ್ಕರೆ, ಮಲಪ್ರಭೆಯ ಹಿನ್ನೀರಿನಲ್ಲಿ ಆ ಹೆಸರು ಸಾರ್ಥಕವಾದೀತು.

ಉಳಿದ ಲಕ್ಷಣಗಳನ್ನು ಬೇಗ ಮುಗಿಸಬಹುದು. ಪರದೆ 5 ಇಂಚಿದ್ದರೆ ಸಾಕು. 7 ಇಂಚಾದರೆ ಡಬ್ಬಿ ಕಾಣುತ್ತದೆ, ರಸ್ತೆ ಕಾಣುವುದಿಲ್ಲ. ನಕಾಶೆ ಡಬ್ಬಿಯೊಳಗೇ ಇರಬೇಕು. ಮೊಬೈಲ್ ನೆಟ್‌ವರ್ಕ್ ಕೈಕೊಟ್ಟಲ್ಲೂ ಉಪಗ್ರಹ ಸಿಗುತ್ತದೆ, ಅದಕ್ಕೆ ಬೇಕಾದದ್ದು ಬಯಲು ಆಕಾಶ, ಅದು ಸವದತ್ತಿ ಸೀಮೆಯಲ್ಲಿ ಯಥೇಚ್ಛ. ತಿಂಗಳುಗಟ್ಟಲೆ ಕಪಾಟಿನಲ್ಲಿಟ್ಟ ಡಬ್ಬಿ ಎದ್ದ ಕೂಡಲೇ ದಾರಿ ಹೇಳದಿದ್ದರೆ ಸಿಟ್ಟಾಗಬಾರದು; ಉಪಗ್ರಹಗಳ ಪಂಚಾಂಗವನ್ನು ಪೂರ್ತಿ ಇಳಿಸಿಕೊಳ್ಳಲು 12 ನಿಮಿಷ 30 ಸೆಕೆಂಡು ಹಿಡಿಯುತ್ತದೆ, ಜೋಯಿಸರೂ ಅಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ. ಗಾಜಿಗೆ ಕಚ್ಚುವ ರಬ್ಬರಿನ ಬಟ್ಟಲನ್ನು ಏಪ್ರಿಲ್ ಬಿಸಿಲಿನಲ್ಲಿ ಪರೀಕ್ಷಿಸಿಯೇ ಕೊಳ್ಳಬೇಕು. ಧ್ವನಿ ಹಿಂದಿನ ಸೀಟಿನ ಅಜ್ಜಿಗೆ ಕೇಳಬೇಕು, ತಿಳಿಯಲೂ ಬೇಕು. ‘ಇನ್ ಟೂ ಹಂಡ್ರೆಡ್ ಮೀಟರ್ಸ್’ ಎಂಬುದು ಅಜ್ಜಿಗೆ ಅಂತರವಲ್ಲ. ಕೂಗಳತೆ ಎಂದರೆ ಅಂತರ.

ಗುರಿ ತಲುಪುವಿಕೆಯ ಮೀಮಾಂಸೆಯನ್ನು ಮಾತ್ರ ಅವಸರದಲ್ಲಿ ಬಿಡಲಾಗದು. ಹೂಲಿಯ ಗುಡ್ಡದ ಬುಡಕ್ಕೆ ಬರುತ್ತಲೇ ಡಬ್ಬಿ ‘ನೀವು ಗುರಿ ತಲುಪಿದ್ದೀರಿ’ ಎಂದು ಬಾಯಿ ಮುಚ್ಚುತ್ತದೆ. ಯಾವ ಗುರಿ? ಅಂಧಕೇಶ್ವರ, ತಾರಕೇಶ್ವರ, ಮದನೇಶ್ವರ, ಭವಾನಿಶಂಕರ, ಕಾಶಿ ವಿಶ್ವನಾಥ, ಸೂರ್ಯನಾರಾಯಣ: ಚಾಲುಕ್ಯ ಕಾಲದಿಂದ ಕಟ್ಟಿದ್ದು, ಬಿದ್ದದ್ದು, ಅರ್ಧ ನಿಂತದ್ದು. ಪಂಚಲಿಂಗೇಶ್ವರವೊಂದರಲ್ಲೇ ಐದು ಲಿಂಗಗಳಿವೆ. ಡಬ್ಬಿಯ ಪರದೆಯ ಮೇಲೆ ಚುಕ್ಕಿ ಒಂದೇ. ಎಲ್ಲಮ್ಮನ ಗುಡ್ಡದಲ್ಲಿ ಭಾರತ ಹುಣ್ಣಿಮೆಯ ದಿನ ಇದರ ವಿರುದ್ಧ ಪ್ರಯೋಗ ಸಾಧ್ಯ. ಅಂದು ಚಕ್ಕಡಿ, ಟ್ರ್ಯಾಕ್ಟರು, ಬಸ್ಸು, ಉಧೋ ಉಧೋ ಎನ್ನುವ ಜನ ಎಲ್ಲ ಸೇರಿ ರಸ್ತೆ ಎಂಬುದೇ ಕಾಣದಿರುವಾಗ ಡಬ್ಬಿ ‘ನೇರವಾಗಿ ಮುಂದುವರಿಯಿರಿ’ ಎನ್ನುತ್ತದೆ. ಎದುರಿಗೆ ಸೀಟಿ ಊದುವ ಪೊಲೀಸರು ಬೇರೆ ಹೇಳುತ್ತಾರೆ. ಇಂಥಲ್ಲಿ ಶಾಸ್ತ್ರಕ್ಕಿಂತ ಲಾಠಿ ಬಲವತ್ತರವೆಂದು ಒಪ್ಪಬೇಕು.

ಇಷ್ಟೆಲ್ಲ ಪ್ರಮಾಣಗಳನ್ನು ತೂಗಿ ನಾವು ಖರೀದಿದಾರರಿಗೆ ಹೇಳುವುದಿಷ್ಟು: ಡಬ್ಬಿ ಯಾವುದಾದರೂ ಕೊಳ್ಳಿ, ಆದರೆ ಎಡಗಡೆಯ ಕಿಟಕಿಯ ಗಾಜು ಸಲೀಸಾಗಿ ಇಳಿಯುವ ಕಾರನ್ನೇ ಕೊಳ್ಳಿ. ಕಟ್ಟೆ ಸಾಮಾನ್ಯವಾಗಿ ಎಡಕ್ಕೇ ಬರುತ್ತದೆ. ಆ ಬದಿಗೆ ಅಳುಕಿಲ್ಲದೆ ಕೇಳುವವರನ್ನು ಕೂರಿಸಬೇಕು; ನಾಚುವ ಅಳಿಯಂದಿರನ್ನು ಹಿಂದೆ ಕಳಿಸಬೇಕು. ಡಬ್ಬಿಯನ್ನು ಗಾಜಿನ ನಡುವೆ ಅಂಟಿಸಿದರೆ ಕಟ್ಟೆಯವರು ಅದನ್ನು ನೋಡಿ ‘ಅದನ್ನ ಕೇಳ್ರಲ್ಲ ಮತ್ತ’ ಎನ್ನುವ ಅಪಾಯವಿದೆ, ಆದ್ದರಿಂದ ಊರು ಬರುವ ಮೊದಲೇ ಒಂದು ಕರವಸ್ತ್ರ ಹೊದಿಸತಕ್ಕದ್ದು. ಎ.ಸಿ. ಹಾಕಿದ್ದೇವೆ, ಗಾಜು ಇಳಿಸಿದರೆ ಧೂಳು ಬರುತ್ತದೆ ಎನ್ನುವವರ ಆಕ್ಷೇಪಕ್ಕೆ ಉತ್ತರವನ್ನು ಎರಡನೆಯ ಸಂಪುಟದಲ್ಲಿ ಕೊಡಲಾಗುವುದು.