ವಲಯ 22ರ ಮಹಡಿವಾಸಿ

ಅಕ್ಟೋಬರ್ ಕೊನೆಯ ಶನಿವಾರ, ಭಾನುವಾರ ಹ್ಯಾಮ್ ರೇಡಿಯೊ ಹುಚ್ಚಿನವರ ಮನೆಗೆ ನೆಂಟರು ಹೋಗಬಾರದು. ಹೋದರೆ ಕಾಫಿ ಸಿಗುತ್ತದೆ, ಯಜಮಾನರು ಸಿಗುವುದಿಲ್ಲ. ಅವರು ಒಳಕೋಣೆಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು 'ಸಿಕ್ಯೂ ವರ್ಲ್ಡ್ ವೈಡ್' ಸ್ಪರ್ಧೆಯಲ್ಲಿ ಕೂತಿರುತ್ತಾರೆ. ನಮ್ಮ ಗಡಿಯಾರದ ಪ್ರಕಾರ ಶನಿವಾರ ಬೆಳಗಿನ ಜಾವ ಐದೂವರೆಗೆ ಶುರುವಾದದ್ದು ಸೋಮವಾರ ಐದೂವರೆಗೆ ಮುಗಿಯುತ್ತದೆ. ಈ 48 ಗಂಟೆಗಳಲ್ಲಿ ಮನೆಯಿಂದಲೇ ಆದಷ್ಟು ದೇಶಗಳ ಆದಷ್ಟು ಹ್ಯಾಮ್‌ಗಳನ್ನು, ಅಂದರೆ ತಮ್ಮಂಥ ಹವ್ಯಾಸಿ ರೇಡಿಯೊದವರನ್ನು, ಮಾತಾಡಿಸಬೇಕು. ಗೆದ್ದವರಿಗೆ ಸಿಗುವುದು ನಗದಲ್ಲ, ಹೆಸರು; ಹೆಚ್ಚೆಂದರೆ ಗೋಡೆಗೆ ತೂಗುಹಾಕುವಂಥದ್ದೊಂದು.

ಬೆಂಗಳೂರಿನ ಹಳೆಯ ಬಡಾವಣೆಯೊಂದರಲ್ಲಿ, ಈ ಲೇಖಕನ ತಲೆಯ ಮೇಲೆಯೇ, ಅಂಥ ಮಹಾಶಯರೊಬ್ಬರು ವಾಸವಾಗಿದ್ದಾರೆ. ತಾರಸಿಯಲ್ಲೊಂದು ಜಿಐ ಪೈಪು. ಅದರ ತುದಿಯಿಂದ ಎರಡೂ ಕಡೆಗೆ ಹತ್ತತ್ತು ಮೀಟರಿನಷ್ಟು ತಂತಿ. ನಲವತ್ತು ಮೀಟರ್ ಬ್ಯಾಂಡಿಗೆ ಬೇಕಾದ ಆಂಟೆನಾ ಅದು. ತಂತಿಯ ಒಂದು ಕೊನೆ ನೀರಿನ ಟ್ಯಾಂಕಿಗೆ, ಇನ್ನೊಂದು ಪಕ್ಕದ ಸೈಟಿನ ತೆಂಗಿನ ಮರಕ್ಕೆ. ಒಮ್ಮೆ ಕೆಲಸದಾಕೆ ಒದ್ದೆ ಸೀರೆಯೊಂದನ್ನು ಅದರ ಮೇಲೆ ಹರವಿದಳು. ಆಂಟೆನಾದ ಆರೋಗ್ಯ ತೋರಿಸುವ ಎಸ್‌ಡಬ್ಲ್ಯೂಆರ್ ಮೀಟರಿನ ಮುಳ್ಳು ಯಾಕೆ ಏರಿತೆಂದು ಅರ್ಧ ದಿನ ಸೆಟ್ಟು ಬಿಚ್ಚಿ ನೋಡಿದ ಮಹಾಶಯರು ಕೊನೆಗೆ ತಾರಸಿ ಹತ್ತಿದರಂತೆ. ಅಂದಿನಿಂದ ಬಟ್ಟೆ ಒಣಹಾಕುವ ಹಗ್ಗಕ್ಕೊಂದು ಬೇರೆ ಮೂಲೆ ದೊರೆಯಿತು.

ಸ್ಪರ್ಧೆಯ ದಿನ ಅವರಿಗೆ ಚಿತ್ರಾನ್ನ, ಮೊಸರನ್ನ ಮಾತ್ರ. ಚಕ್ಕುಲಿ, ಕೋಡುಬಳೆ ನಿಷಿದ್ಧ. ಕಡಿದ ಸದ್ದು ಮೈಕಿಗೆ ಕೇಳುತ್ತದೆ. ಬೆಳಿಗ್ಗೆ ಜಪಾನ್, ಮಧ್ಯಾಹ್ನದ ಮೇಲೆ ಯೂರೋಪ್ ಅಂತ ಅವರ ದಿನಚರಿಯನ್ನು ಸೂರ್ಯನೇ ಬರೆಯುತ್ತಾನೆ. ಸೂರ್ಯಕಲೆಗಳು ಹೆಚ್ಚಿದ ವರ್ಷ ಹತ್ತು ಮೀಟರ್ ಬ್ಯಾಂಡು ತೆರೆದುಕೊಂಡು ಮಹಾಶಯರ ಮುಖ ಅರಳುತ್ತದೆ. ಹನ್ನೊಂದು ವರ್ಷಕ್ಕೊಂದು ಸುತ್ತು ಬರುವ ಈ ಕಲೆಗಳ ಲೆಕ್ಕ, ಅವರ ಮನೆಯವರ ಪ್ರಕಾರ, ಮದುವೆಯ ವಾರ್ಷಿಕೋತ್ಸವಕ್ಕಿಂತ ಚೆನ್ನಾಗಿ ನೆನಪಿದೆ.

ಇಷ್ಟೆಲ್ಲ ಸಿದ್ಧತೆಯ ನಂತರ ಅವರು ಜಗತ್ತಿಗೆ ಹೇಳುವುದೇನು? "ಫೈವ್ ನೈನ್, ಟೂ ಟೂ." ಅಷ್ಟೇ. ಐದು ಎಂದರೆ ಮಾತು ಸ್ಪಷ್ಟವಾಗಿದೆ, ಒಂಬತ್ತು ಎಂದರೆ ಜೋರಾಗಿದೆ. 22 ಎನ್ನುವುದು ಭಾರತ, ಶ್ರೀಲಂಕಾ, ನೇಪಾಳ, ಮಾಲ್ಡೀವ್ಸ್ ಮುಂತಾದವು ಸೇರಿದ ವಲಯದ ಸಂಖ್ಯೆ. ಮೊದಲಿನ ಐವತ್ತೊಂಬತ್ತು ಶುದ್ಧ ಸುಳ್ಳು. ಎದುರಿನವರ ದನಿ ಗೊರಗೊರ ಸದ್ದಿನಲ್ಲಿ ಮುಳುಗಿಹೋಗಿದ್ದರೂ ಸ್ಪರ್ಧೆಯಲ್ಲಿ ಎಲ್ಲರೂ ಎಲ್ಲರಿಗೂ ಕೊಡುವುದು ಐವತ್ತೊಂಬತ್ತೇ. "ನೀವು ಬಹಳ ಸ್ಪಷ್ಟ, ಬಹಳ ಜೋರು" ಎಂದ ಉಸಿರಿನಲ್ಲೇ "ನಿಮ್ಮ ಕರೆಸಂಕೇತ ಇನ್ನೊಂದು ಸಲ ಹೇಳಿ" ಎನ್ನುತ್ತಾರೆ. ಇನ್ನು ಮೈಸೂರಿನ ಗೆಳೆಯರು ಸಿಕ್ಕರಂತೂ ಮುಖ ಹುಳ್ಳಗಾಗುತ್ತದೆ. ಬೇರೆ ಖಂಡದವರಿಗೆ ಮೂರು ಅಂಕ, ಏಷ್ಯಾದ ಬೇರೆ ದೇಶಕ್ಕೆ ಒಂದು, ಸ್ವದೇಶದವರಿಗೆ ಸೊನ್ನೆ.

ಇವೆಲ್ಲ ಸಹ್ಯ. ಸಹಿಸಲಾಗದ್ದು ಅವರ ಕಿವಿ.

ದೀಪಾವಳಿಯ ಆಸುಪಾಸು, ಸ್ಪರ್ಧೆಯ ಹಿಂದಿನ ಶುಕ್ರವಾರ ರಾತ್ರಿ ಹತ್ತಕ್ಕೆ ಕೆಳಮನೆಯ ಬೆಲ್ ಆಯಿತು. ಬಾಗಿಲಲ್ಲಿ ಮಹಾಶಯರು, ಕೈಯಲ್ಲೊಂದು ಪುಟ್ಟ ಟ್ರಾನ್ಸಿಸ್ಟರ್. "ಸಾರ್, ತಪ್ಪು ತಿಳೀಬೇಡಿ. ನಿಮ್ಮನೇಲಿ ಏನೋ ಒಂದು ಕೂಗ್ತಾ ಇದೆ." ಮನೆಯಲ್ಲಿ ಕೂಗುವವರೆಲ್ಲ ಮಲಗಿಯಾಗಿತ್ತು. ಅವರು ಹೇಳಿದ್ದು ರೇಡಿಯೊದ ಕೂಗು. ಎಲ್‌ಇಡಿ ಬಲ್ಬು, ಯುಪಿಎಸ್, ಅಗ್ಗದ ಚಾರ್ಜರುಗಳ ಒಳಗೆ ಕರೆಂಟು ಸೆಕೆಂಡಿಗೆ ಸಾವಿರಾರು ಸಲ ಆಫ್ ಆಗಿ ಆನ್ ಆಗುತ್ತದೆ. ಆ ಗದ್ದಲ ವೈರಿನ ಮೂಲಕ ಹೊರಬಿದ್ದು ಆಂಟೆನಾ ಸೇರಿ, ದೂರದಿಂದ ಬರುವ ಸಣ್ಣ ದನಿಗಳನ್ನು ನುಂಗಿಹಾಕುತ್ತದೆ.

ಶೋಧ ಶುರುವಾಯಿತು. ಸ್ಟೇಷನ್ ಇಲ್ಲದ ಜಾಗಕ್ಕೆ ಮುಳ್ಳು ತಿರುಗಿಸಿದ ಟ್ರಾನ್ಸಿಸ್ಟರನ್ನು ಟೀವಿಗೆ ಹಿಡಿದರು: ಸುಮಾರು. ಬಾಗಿಲ ಸೀರಿಯಲ್ ಸೆಟ್ಟಿಗೆ ಹಿಡಿದರು: ಚರ್ರೆಂದಿತು, ಪ್ಲಗ್ ಕಿತ್ತರು. ಮಕ್ಕಳ ಮೀನಿನ ತೊಟ್ಟಿಯ ದೀಪ ಆರಿತು. ವೈಫೈ ಪೆಟ್ಟಿಗೆಯ ಅಡಾಪ್ಟರ್ ಹೋಯಿತು. ಕೊನೆಗೆ ಅಡುಗೆಮನೆಯಲ್ಲಿ, ಫೋನಿಲ್ಲದೆ ಬರಿದೇ ಸಾಕೆಟ್ಟಿನಲ್ಲಿ ನೇತಾಡುತ್ತಿದ್ದ ಫುಟ್‌ಪಾತ್ ಚಾರ್ಜರಿನ ಬಳಿ ಟ್ರಾನ್ಸಿಸ್ಟರ್ ಅರಚಿಕೊಂಡಿತು. "ಸಿಕ್ಕಿದ!" ಎಂದ ಅವರ ದನಿಗೆ ಮನೆಮಂದಿಯೆಲ್ಲ ಎದ್ದು ಕೂತರು. ಸ್ಪರ್ಧೆ ಮುಗಿದ ಮರುದಿನವೇ ಅವರು ಒಳ್ಳೆಯ ಚಾರ್ಜರೊಂದನ್ನು ತಂದುಕೊಟ್ಟರು, ಜೊತೆಗೆ ಮನೆಯ ವೈರುಗಳಿಗೆಲ್ಲ ಗದ್ದಲ ತಡೆಯುವ ಕಪ್ಪು ಫೆರೈಟ್ ಗುಂಡುಗಳನ್ನು ಕಚ್ಚಿಸಿಹೋದರು. ಈಗ ಕೆಳಮನೆಯ ಮಿಕ್ಸಿಯೂ ದೃಷ್ಟಿಮಣಿ ಕಟ್ಟಿಸಿಕೊಂಡ ಕೂಸಿನಂತೆ ಕಾಣುತ್ತದೆ. ಸ್ಪರ್ಧೆಯಲ್ಲಿ ಅವರ ಸ್ಥಾನ ಎಷ್ಟನೆಯದೆಂದು ಕೇಳುವ ಧೈರ್ಯ ಈ ಲೇಖಕನಿಗೆ ಬರಲಿಲ್ಲ; ಹಬ್ಬಕ್ಕೆ ದೀಪ ಹಚ್ಚಲು ಮಹಡಿಯ ಅನುಮತಿ ಕೇಳುವುದು ಮಾತ್ರ ಆವತ್ತಿನಿಂದ ರೂಢಿಯಾಯಿತು.

ಆದರೂ ಭಾನುವಾರದ ಮಧ್ಯರಾತ್ರಿ ಕಾಫಿ ಫ್ಲಾಸ್ಕಿನ ನೆಪದಲ್ಲಿ ಮೇಲೆ ಹೋಗಿ ಅವರ ಪಕ್ಕ ಕೂತರೆ ಸಿಟ್ಟು ಇಳಿಯುತ್ತದೆ. ಮಾತಿಲ್ಲ, ಕತೆಯಿಲ್ಲ; ಕರೆಸಂಕೇತ, ಸಂಖ್ಯೆ, ಮುಂದಿನವರು. ಆದರೆ ವರ್ಷಾವರ್ಷ ಅದೇ ದನಿಗಳು. ಕೆಲವರದ್ದು ಕರೆಸಂಕೇತ ಮುಗಿಯುವ ಮುನ್ನವೇ ಇವರಿಗೆ ಗುರುತು ಸಿಗುತ್ತದೆ. ಊರು ಗೊತ್ತಿಲ್ಲ, ಮುಖ ಗೊತ್ತಿಲ್ಲ, ಎಷ್ಟು ಮಕ್ಕಳೋ ಗೊತ್ತಿಲ್ಲ. ಒಂದು ವರ್ಷ ಆ ದನಿ ಬರದಿದ್ದರೆ ಮಾತ್ರ ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ. ತೀರಿಕೊಂಡ ಹ್ಯಾಮ್‌ಗಳನ್ನು ಈ ಜನ 'ಸೈಲೆಂಟ್ ಕೀ' ಎನ್ನುತ್ತಾರೆ.

ಗದ್ದಲದ ನಡುವೆ ಒಂದಕ್ಷರವನ್ನೂ ತಪ್ಪದೆ ಹಿಡಿಯುವ ಈ ಅಭ್ಯಾಸ ಆಟಕ್ಕಷ್ಟೇ ಎನ್ನುವಂತಿಲ್ಲ. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ನೇತೃತ್ವದ ಹ್ಯಾಮ್ ತಂಡ ಅಂಡಮಾನಿಗೆ ಹೋದದ್ದು ಲೋಕದ ಹ್ಯಾಮ್‌ಗಳೊಡನೆ ಇಂಥದೇ ಚುಟುಕು ಸಂಪರ್ಕಗಳಿಗಾಗಿ. 26ರ ಬೆಳಿಗ್ಗೆ ಸುನಾಮಿ ಬಂದು ಫೋನುಗಳು ಸತ್ತಾಗ, ಯಾರು ಬದುಕಿದ್ದಾರೆ, ಯಾರು ಎಲ್ಲಿದ್ದಾರೆ ಎಂಬ ಸುದ್ದಿಯನ್ನು ಮುಖ್ಯಭೂಮಿಗೆ ಮುಟ್ಟಿಸಿದ್ದು ಅದೇ ಸೆಟ್ಟುಗಳು.

ಆದ್ದರಿಂದ ನಿಮ್ಮ ತಲೆಯ ಮೇಲೂ ಇಂಥವರೊಬ್ಬರಿದ್ದು, ಅಕ್ಟೋಬರ್ ಕೊನೆಗೆ ಟ್ರಾನ್ಸಿಸ್ಟರ್ ಹಿಡಿದು ಬೆಲ್ ಒತ್ತಿದರೆ ಬಾಗಿಲು ತೆಗೆಯಿರಿ, ಚಾರ್ಜರ್ ಕಿತ್ತಿಡಿ. ಸೋಮವಾರ ಐದೂವರೆಯ ನಂತರ ಏನನ್ನು ಬೇಕಾದರೂ ಹಾಕಿಕೊಳ್ಳಬಹುದು. ಆದರೆ ಮೋರ್ಸ್ ಕೀಲಿ ಕುಟ್ಟುವವರಿಗೆ ಇದೇ ಸ್ಪರ್ಧೆ ನವೆಂಬರ್ ಕೊನೆಯಲ್ಲಿ ಇನ್ನೊಮ್ಮೆ ಇದೆ. ನಮ್ಮ ಮಹಾಶಯರು ಅದನ್ನೂ ಬಿಡುವವರಲ್ಲ.