ಈಳಿಗೆ ಮಣೆ ಮತ್ತು ಘನಾಕೃತಿಗಳು: ಒಂದು ಅಡ್ಡಛೇದ ಮೀಮಾಂಸೆ

ಅಡ್ಡಛೇದವನ್ನು ಲೋಕಕ್ಕೆ ಕೊಟ್ಟವರು ಗ್ರೀಕರೆಂಬುದು ಹೈಸ್ಕೂಲು ಸಂಪ್ರದಾಯದ ಮತ. ಈಳಿಗೆ ಮಣೆ ಎಂಬುದು ಪ್ರಸ್ತುತ ಪ್ರಬಂಧದ ಮತ. ಮೊದಲನೆಯದಕ್ಕೆ ಆಧಾರಗ್ರಂಥಗಳಿವೆ, ಎರಡನೆಯದಕ್ಕೆ ಕೋಸಂಬರಿ ಇದೆ.

ಸೌತೆಕಾಯಿಯನ್ನು ನೇರ ಕೊಯ್ದರೆ ವೃತ್ತ, ಓರೆಯಾಗಿ ಕೊಯ್ದರೆ ದೀರ್ಘವೃತ್ತ. ಇದರಲ್ಲಿ ವಾದಕ್ಕೇನಿದೆ ಎಂದು ಪಾಮರರು ಕೇಳಿಯಾರು. ಪಂಡಿತರು ಹಾಗಲ್ಲ. ಶಂಕುವಿನ ದೀರ್ಘವೃತ್ತವೇ ಬೇರೆ, ಸಿಲಿಂಡರಿನದೇ ಬೇರೆ ಎಂದು ಹಲವರು ನಂಬಿಕೊಂಡಿದ್ದರಿಂದ, ನಾಲ್ಕನೆಯ ಶತಮಾನದ ಸುಮಾರಿಗೆ ಸೆರೆನಸ್ ಎಂಬಾತ ಎರಡೂ ಒಂದೇ ಎಂದು ಸಾಧಿಸಲು ಪುಸ್ತಕವನ್ನೇ ಬರೆಯಬೇಕಾಯಿತು. ಆದರೂ 1525ರಲ್ಲಿ ಜರ್ಮನಿಯ ಮಹಾಚಿತ್ರಕಾರ ಡ್ಯೂರರ್ ತನ್ನ ಜ್ಯಾಮಿತಿ ಗ್ರಂಥದಲ್ಲಿ ಶಂಕುವಿನ ಓರೆ ಛೇದವನ್ನು ಒಂದು ತುದಿ ದಪ್ಪಗಿರುವ ಮೊಟ್ಟೆಯಂತೆ ಬಿಡಿಸಿಬಿಟ್ಟ. ಶಂಕು ಕೆಳಗೆ ಅಗಲ, ಆದ್ದರಿಂದ ಛೇದವೂ ಕೆಳಗೆ ಅಗಲ ಎಂಬುದು ಆತನ ತರ್ಕವಿದ್ದೀತು. ಒಂದು ಕ್ಯಾರೆಟ್ ಹೆಚ್ಚಿ ನೋಡಿದ್ದರೆ ಸಾಕಿತ್ತು. (ಯಾವ ಕ್ಯಾರೆಟ್ಟೂ ಪರಿಪೂರ್ಣ ಶಂಕುವಲ್ಲವೆಂಬ ಆಕ್ಷೇಪ ಈ ಪ್ರಬಂಧದ ಕಿವಿಗೆ ಬೀಳುವುದಿಲ್ಲ.)

ಇನ್ನು ಪರಿಭ್ರಮಣ ಪ್ರಕರಣ. ಆಯತವನ್ನು ಬಾಹುವಿನ ಸುತ್ತ ತಿರುಗಿಸಿದರೆ ಸಿಲಿಂಡರ್, ಅರ್ಧವೃತ್ತವನ್ನು ವ್ಯಾಸದ ಸುತ್ತ ತಿರುಗಿಸಿದರೆ ಗೋಳ. ಇಷ್ಟು ಎಲ್ಲರಿಗೂ ಗೊತ್ತು. 3, 4, 5 ಸೆಂ.ಮೀ. ಬಾಹುಗಳ ಲಂಬಕೋನ ತ್ರಿಭುಜದ ನಡತೆ ಮಾತ್ರ ಸಂಶಯಾಸ್ಪದ. 3ರ ಬಾಹುವಿನ ಸುತ್ತ ತಿರುಗಿದಾಗ ಅದರ ಘನಫಲ 16 ಪೈ; 4ರ ಸುತ್ತ 12 ಪೈ; 5ರ ವಿಕರ್ಣದ ಸುತ್ತ ತಳಕ್ಕೆ ತಳ ಅಂಟಿದ ಜೋಡಿ ಶಂಕುವಾಗಿ ಬರೀ 9.6 ಪೈ ಘನ ಸೆಂ.ಮೀ. ಉದ್ದನೆಯ ಬಾಹು ಹಿಡಿದವನಿಗೆ ಕಡಿಮೆ ಪಾಲು! ಇಂಥ ನ್ಯಾಯ ಆಸ್ತಿ ವಿಭಾಗದಲ್ಲಿ ಕಂಡದ್ದಿಲ್ಲ.

ಚನ್ನಪಟ್ಟಣದ ಕುಶಲಕರ್ಮಿಗಳು ಇದನ್ನೆಲ್ಲ ತಿರುವುಮುರುವು ಮಾಡಿದ್ದಾರೆ. ಅಲ್ಲಿ ಸುತ್ತುವುದು ತ್ರಿಭುಜವಲ್ಲ, ಲೇತಿಗೆ ಸಿಕ್ಕಿಸಿದ ಆಲೆಮರದ ತುಂಡು. ಉಳಿ ತಾಗಿದಂತೆ ಬುಗುರಿ ಮೂಡುತ್ತದೆ. ಅರಗಿನ ಬಣ್ಣದ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೇ ಕರಗಿ ಪಟ್ಟೆಯಾಗಿ ಹತ್ತುತ್ತದೆ. ಪ್ರತಿ ಪಟ್ಟೆಯ ಅಂಚೂ ಒಂದು ಅಡ್ಡಛೇದದ ಪರಿಧಿ. ಹುಟ್ಟುವಾಗಲೂ ಸುತ್ತಿ, ಹುಟ್ಟಿದ ಮೇಲೂ ಸುತ್ತುತ್ತಲೇ ಪ್ರಮೇಯ ಸಾಧಿಸುವ ಇಂಥ ಘನಾಕೃತಿಯನ್ನು ಪಠ್ಯಪುಸ್ತಕ ಹೊರಗೆ ಕೂರಿಸಿರುವುದು ಅನ್ಯಾಯ.

ಕೊನೆಯದು ಮೈಸೂರು ಪಾಕ್ ಪ್ರಕರಣ. ಎಲ್ಲ ಅಂಚೂ ಸಮನಾದ ತುಂಡನ್ನು, ಮೂಲೆಯಿಂದ ಎದುರುಮೂಲೆಗೆ ಹಾಯುವ ಕರ್ಣಕ್ಕೆ ಲಂಬವಾಗಿ ನಟ್ಟನಡುವೆ ಕೊಯ್ದರೆ ಸಿಗುವುದು ಸಮ ಷಡ್ಭುಜ. ಓರೆ ಬದಲಿಸಿದರೆ ತ್ರಿಭುಜ, ಚತುರ್ಭುಜ, ಪಂಚಭುಜ. ಮುಖಗಳೇ ಆರಿರುವಾಗ ಏಳು ಬಾಹು ಬರುವಂತಿಲ್ಲ. ಬಂದರೆ ಮೂಲೆ ಮುರಿದಿದೆಯೆಂದರ್ಥ. ಅಂಥ ತುಂಡನ್ನು ಸಂಶೋಧಕರೇ ತಿನ್ನತಕ್ಕದ್ದು.