ಚತುರಸ್ರ ಪಂಡಿತರು

ಯಾವ ಊರಿನ ಬಸ್ ನಿಲ್ದಾಣದ ಎದುರಿಗೆ ಹೋಗಿ ನೋಡಿದರೂ, ಸರೋವರವನ್ನೂ ಹಂಸಗಳನ್ನೂ ಬರೆಸಿದ ಹಳೆಯ ಪರದೆಯನ್ನು ಸುತ್ತಿ ಮೂಲೆಗೊರಗಿಸಿ, ಅದರ ಪಕ್ಕದಲ್ಲಿ ಗಣಕಯಂತ್ರವೊಂದನ್ನು ಪ್ರತಿಷ್ಠಾಪಿಸಿಕೊಂಡು ಕುಳಿತ ಫೋಟೋ ಸ್ಟುಡಿಯೊದ ಯಜಮಾನರೊಬ್ಬರು ಕಣ್ಣಿಗೆ ಬೀಳದೆ ಇರರು. ಚನ್ನಪಟ್ಟಣದಲ್ಲಾದರೋ ಇವರ ಮಹತ್ತ್ವ ಇಮ್ಮಡಿ. ಏಕೆಂದರೆ ಹಾಲೆಮರವನ್ನು ಕಡೆದು ಅರಗಿನ ಬಣ್ಣವೇರಿಸಿದ ಅಲ್ಲಿಯ ಗೊಂಬೆಗಳು ಈಗ ಮೊಬೈಲಿನೊಳಗಿನ ಅಂಗಡಿಗಳಲ್ಲಿಯೂ ಬಿಕರಿಯಾಗಬೇಕು, ಆ ಅಂಗಡಿಗಳ ಬಾಗಿಲೋ ಬಹುಮಟ್ಟಿಗೆ ಚೌಕಾಕಾರವಾದದ್ದು.

ಚೌಕದ ವಿಷಯದಲ್ಲಿ ಪಂಡಿತರಿಗೆ ಹಳೆಯ ಸೇಡೊಂದು ಉಂಟು. ಯೌವನದಲ್ಲಿ ಅವರು ಜೋಡಿಕಣ್ಣಿನ ಯಾಷಿಕಾ ಕ್ಯಾಮರಾವನ್ನು ಎದೆಗೆ ತೂಗುಹಾಕಿಕೊಂಡು, ಒಂದು ರೋಲಿಗೆ ಆರು ಸೆಂಟಿಮೀಟರಿನ 12 ಚೌಕಗಳಂತೆ ತೆಗೆದು, ಗಿರಾಕಿಗಳು ಉದ್ದನೆಯ ಪಟವನ್ನೇ ಅಪೇಕ್ಷಿಸುತ್ತಿದ್ದುದರಿಂದ ಆ ಚೌಕಗಳ ಅಂಚನ್ನು ಕತ್ತರಿಸುವುದರಲ್ಲಿಯೇ ಅರ್ಧ ಆಯುಸ್ಸನ್ನು ಸವೆಸಿದವರು. ಈಗ ಅದೇ ಗಿರಾಕಿಗಳ ಮಕ್ಕಳು ಉದ್ದನೆಯ ಚಿತ್ರಗಳನ್ನು ಹೊತ್ತು ತಂದು ‘ಸ್ಕ್ವೇರ್ ಮಾಡಿಕೊಡಿ ಸಾರ್’ ಎಂದು ಕೈಮುಗಿಯುತ್ತಾರೆ. 2010ರಲ್ಲಿ ಇನ್‌ಸ್ಟಾಗ್ರಾಮ್ ಚೌಕವಲ್ಲದ ಚಿತ್ರವನ್ನು ಒಲ್ಲೆನೆಂದೇ ಅವತರಿಸಿದಾಗ ಇವರಿಗಾದ ಹರ್ಷವೂ, 2015ರಲ್ಲಿ ಅದು ಪಟ್ಟು ಸಡಿಲಿಸಿದಾಗ ಆದ ಖೇದವೂ ಸ್ವಂತ ಮನೆಯ ಶುಭಾಶುಭಗಳಿಗಿಂತ ಕಡಮೆಯವಲ್ಲ.

ಒಮ್ಮೆ ತರುಣ ವ್ಯಾಪಾರಿಯೊಬ್ಬ ಐದು ಡಬ್ಬಿಗಳ ಮರದ ರೈಲಿನ ಚಿತ್ರವನ್ನು ತಂದ. ಪಂಡಿತರು ಅದನ್ನು ಚೌಕದೊಳಗೆ ಕೂರಿಸಿದರು. ಮೇಲೆ ಕೆಳಗೆ ಬರೀ ಬಯಲು, ನಡುವೆ ರೈಲೆಂಬ ಗೆರೆ.

“ತೀರಾ ಚಿಕ್ಕದಾಯ್ತಲ್ಲ ಸಾರ್.”

“ದೊಡ್ಡದು ಮಾಡಿದರೆ ಎರಡು ತುದಿಯೂ ಆಚೆ ಹೋಗುತ್ತಪ್ಪ. ಯಾವುದು ಬೇಡ ಹೇಳು, ಎಂಜಿನ್ನೋ, ಗಾರ್ಡಿನ ಡಬ್ಬಿಯೋ?”

“ಆ ಕಡೆ ಈ ಕಡೆಯಿಂದ ಸ್ವಲ್ಪ ಒತ್ತಿಬಿಡಿ.”

“ಒತ್ತಿದರೆ ಚಕ್ರ ಮೊಟ್ಟೆಯಾಗುತ್ತೆ. ಮೊಟ್ಟೆಚಕ್ರದ ರೈಲನ್ನು ಯಾವ ಮಗು ಎಳೆಯುತ್ತೆ?”

ಹೀಗೆ ತರುಣನ ಬಾಯಿ ಕಟ್ಟಿದ ಮೇಲೆ ಪಂಡಿತರು ರೈಲನ್ನೇ ತರಿಸಿ, ಚೌಕದ ಕರ್ಣವು ಅದರ ಬಾಹುವಿಗಿಂತ 100ಕ್ಕೆ 41ರಷ್ಟು ಉದ್ದವೆಂಬ ಪ್ರೌಢಶಾಲೆಯ ರೇಖಾಗಣಿತವನ್ನು ಸ್ಮರಿಸಿಕೊಂಡು, ಅದನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ನಿಲ್ಲಿಸಿ ಹೊಸದಾಗಿಯೇ ಚಿತ್ರ ತೆಗೆದರು. ಹಿನ್ನೆಲೆಗೆ ಹಾಸಿದ್ದು ತಮ್ಮ ಮಡಿಪಂಚೆ. ಆದರೆ ಅಮೆಜಾನಿನ ಶಾಸನದಂತೆ ಮುಖ್ಯಚಿತ್ರದಲ್ಲಿ ವಸ್ತುವು ಚೌಕಟ್ಟಿನ 100ಕ್ಕೆ 85 ಪಾಲನ್ನು ತುಂಬಿದರೆ ಸಾಲದು, ಹಿಂದಿನ ಬಿಳುಪು ಕೆಂಪು, ಹಸಿರು, ನೀಲಿ ಮೂರರಲ್ಲಿಯೂ ತಪ್ಪದೆ 255 ಇರತಕ್ಕದ್ದು; ಅಳೆದು ನೋಡಲಾಗಿ ಪಂಚೆಯ ನೀಲಿಯೊಂದೇ ಮಿಕ್ಕೆರಡನ್ನು ಹಿಂದೆ ಹಾಕಿ ನಿಂತಿತ್ತು. ಅಂದಿನಿಂದ ಆ ಪಂಚೆಗೆ ನೀಲಿ ಅದ್ದಕೂಡದೆಂದು ಮನೆಯಲ್ಲಿ ಕಟ್ಟಾಜ್ಞೆ ಹೊರಟಿದೆ. ಅದು ಪಾಲನೆಯಾಗುತ್ತಿದೆಯೆಂದು ನನಗೆ ತೋರುವುದಿಲ್ಲ.

ಗೊಂಬೆಗಳಿಗಿಂತ ಮನುಷ್ಯರ ಕಾಟ ಹೆಚ್ಚು. ವಾಟ್ಸಾಪಿನ ಡಿಪಿ ಎಂಬುದು ಹೊರಗೆ ಚೌಕವೆನಿಸಿಕೊಂಡು ಒಳಗೆ ವೃತ್ತವಾಗುವ ಕಪಟಿ. ಚೌಕದೊಳಗಿನ ವೃತ್ತಕ್ಕೆ ದಕ್ಕುವುದು 100ಕ್ಕೆ 78 ಪಾಲು ಮಾತ್ರ, ಮಿಕ್ಕದ್ದು ನಾಲ್ಕು ಮೂಲೆಗಳಿಗೆ ಅರ್ಪಿತ. ಆದುದರಿಂದ ಪಂಡಿತರು ಕುಟುಂಬದ ಚಿತ್ರ ಕಂಡೊಡನೆ ಹಿಂದಿನ ಸಾಲಿನ ತುದಿಗಳಲ್ಲಿ ನಿಂತವರು ಯಾರೆಂದು ವಿಚಾರಿಸದೆ ಮೌಸ್ ಮುಟ್ಟುವುದಿಲ್ಲ. ಮದುವೆಯ ಚಿತ್ರದಲ್ಲಿ ಬೀಗರ ಪೇಟವೊಂದು ಹಾರಿಹೋಗಿ ಆದ ರಂಪವನ್ನು ಅವರು ಕಂಡಿದ್ದಾರೆ. ಮೊನ್ನೆ ಬಂದ ಗೃಹಿಣಿಯೊಬ್ಬರಿಗೂ ಹಾಗೆಯೇ ಮೂಲೆಯ ಮುಖವನ್ನು ತೋರಿಸಿ, “ಇವರು ಅರ್ಧ ಹೋಗುತ್ತಾರಮ್ಮ, ಬೇಕಾದರೆ ಎಲ್ಲರನ್ನೂ ಚಿಕ್ಕದು ಮಾಡಿ ಒಳಗೆ ತರುತ್ತೇನೆ” ಎಂದರು.

ಆಕೆ ಕನ್ನಡಕ ಸರಿಮಾಡಿಕೊಂಡು ನೋಡಿ, “ನಮ್ಮೆಜಮಾನರ ಅಕ್ಕ. ಇರಲಿ ಬಿಡಿ, ಪಾಪ, ನಿಮಗ್ಯಾಕೆ ತೊಂದರೆ” ಎಂದು ಹೇಳಿ, ಕೇಳಿದ್ದಕ್ಕಿಂತ ಹತ್ತು ರೂಪಾಯಿ ಹೆಚ್ಚಾಗಿಯೇ ಕೊಟ್ಟು ಹೊರಟರು.